ಹೊಳೆಗೆ ಬಿಟ್ಟ ತುಂಡು

ಹೊನ್ನಾಳಿ
ತಾ. 3-6-2024

ಅಕ್ಕಾ,

ನಿನ್ನ ತಮ್ಮ ಬೋರಣ್ಣ ಮಾಡೋ ನಮಸ್ಕಾರ. ಹೆಸರು ಬೋರ ಆದ್ರೂ ಬೋರ್ ಹೊಡ್ಸಲ್ಲ, ಪೂರ್ತಿ ಓದು.

ನಿನ್ನ ಕಿವಿ ಮುಚ್ಕೊಂಡ ಮೇಲೆ ಫೋನಾಗೆ ಕೂಗಿ ಕೂಗಿ ನನ್ನ ಗಂಟ್ಲು ಹರಿದೋತು. ಹೋದ ವಾರ ನಾನು ಚೆನ್ನಾಗಿದೀಯಾ ಅಂದ್ರೆ ನೀನು ಚನ್ನಗಿರಿಗೆ ನಾನ್ಯಾಕೆ ಹೋಗ್ಲಿ ಅಂದೆ. ಹೋಟ್ಲಾಗೆ ಉಣ್ಣಾಕೆ ಕುಂತೋರೆಲ್ಲ ಮುದ್ದೆ ಬಾಯಾಗೇ ಇಟ್ಕೊಂಡು ನಕ್ರು. ಅದಕ್ಕೆ ಇನ್ಮೇಲೆ ಕಾಗದಾನೇ ಸರಿ. ಮೀನಿನ ಕಿವಿರು ಎತ್ತಿ ನೋಡಿ ಇದು ನಿನ್ನೇದು, ಇದು ಮೊನ್ನೇದು ಅಂತ ಹೇಳ್ತಿದ್ದೋಳು ನೀನು. ಈಗ ನಿನ್ನ ಕಿವೀನ ಯಾರು ಎತ್ತಿ ನೋಡ್ಬೇಕೋ.

ವಿಷಯ ಏನಂದ್ರೆ, ನನ್ನ ಮಗ ಪರಶುರಾಮ ನ್ಯಾಮತಿ ರೋಡಾಗೆ ಹೊಸ ಜಾಗ ಹಿಡಿದಾನೆ. ನೆಲಕ್ಕೆ ಟೈಲ್ಸು, ಅಡಿಗೆಗೆ ಗ್ಯಾಸು, ಟೇಬಲ್ಲಿಗೊಂದು ಫ್ಯಾನು. ಗಣಪತಿ ಕಳ್ಸಿದ ಮೇಲೆ ಹೋಟ್ಲು ಅಲ್ಲಿಗೆ ಹೋಗ್ತೈತೆ. ಹೊಳೆ ದಂಡೆ ಮೇಲಿನ ಹಳೇದನ್ನ ಕೆಡವ್ತಾರೆ. ನಾನು ಬ್ಯಾಡ ಅನ್ಲಿಲ್ಲ. ಪ್ರತಿ ಮಳೆಗಾಲ ಹಿತ್ಲಿಗೆ ನೀರು ಬರ್ತೈತೆ, ಗೋಡೆ ಸೊಂಟದ ತನಕ ಹಸಿ. ಸೊಸೆ ಸುಧಾ ಆ ಹಸಿಯಾಗೆ ನಿಂತು ನಿಂತು ಕಾಲು ಊದಿಸ್ಕೊಂಡಾಳೆ. ಅವರು ಹೇಳೋದು ಸರಿ ಐತೆ. ಆದ್ರೆ ಹೋಟ್ಲಿನ ಜೊತೆ ಅವ್ವನ ಒಲೇನೂ ಹೋಗ್ತೈತೆ ನೋಡು.

ನೀನು ನೋಡಿದ್ದೀಯ, ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಅಪ್ಪ ಹಿಡಿದು ತಂದ ಮೀನು, ಅವ್ವ ಹೂಡಿದ ಮೂರು ಕಲ್ಲು, ಹರಿಗೋಲಿಗೆ ಕಾಯೋ ಜನಕ್ಕೆ ಮುದ್ದೆ ಮೀನ್ಸಾರು. ಅಷ್ಟೇ ಇದ್ದಿದ್ದು. ಆಮೇಲೆ ಮೇಲೆ ಸೋಗೆ ಬಂತು, ತಗಡು ಬಂತು, ಹೆಂಚು ಬಂತು. ಬೆಂಚು ಬಂದಾಗ ಅವ್ವ ಮೂರು ದಿನ ಅದರ ಮೇಲೆ ಯಾರನ್ನೂ ಕೂರಿಸ್ಲಿಲ್ಲ, ಮಾಸ್ತೈತೆ ಅಂತ. ಮೇಲಿಂದೆಲ್ಲ ಬದಲಾತು. ಆ ಮೂರು ಕಲ್ಲು ಮಾತ್ರ ಇಟ್ಟಲ್ಲೇ ಅವೆ.

ಆ ಒಲೆ ಕೆಡವೋದ್ರೊಳಗೆ ನೀನು ಒಂದು ಭಾನುವಾರ ಬಂದು, ಅದರ ಮುಂದೆ ಕುಂತು, ಒಂದು ಊಟ ಮಾಡ್ಬೇಕು. ನನಗೆ ಇರೋದು ಇದೊಂದೇ ಆಸೆ. ಜಗಳೂರಿಗೆ ಕೊಟ್ಟ ಮೇಲೆ ಮದುವೆ, ಸಾವು, ನಾಮಕರಣ ಎಲ್ಲಕ್ಕೂ ಬಂದೆ. ಹೋಟ್ಲಿನ ಬಾಗ್ಲು ಮಾತ್ರ ದಾಟ್ಲಿಲ್ಲ. ಮನೇಲಿ ಕುಂತು ಬಾಳೆಹಣ್ಣು ತಿಂದು ಬಸ್ ಹತ್ತಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡೀಯಾ? ಸಾರು ಕುದಿಸಿದ್ದು ನಿನ್ನ ಕೈ, ಅವ್ವ ಸೌಟು ಕೊಟ್ಟಿದ್ದು ನನ್ನ ಕೈಗೆ. ಗಂಡುಮಗ ಅಂತ. ಆ ಸಿಟ್ಟು ನ್ಯಾಯವಾದದ್ದೇ. ಜಗಳೂರಿಗೆ ಹೋದ್ಮೇಲೆ ಜಗಳ ಜಾಸ್ತಿ ಆಗಿರ್ಬೇಕು. ಬಾ, ಆ ಸೌಟು ನಿನ್ನ ಕೈಗೇ ಕೊಡ್ತೀನಿ, ಬೇಕಾದ್ರೆ ಅದ್ರಾಗೇ ನನಗೆ ಎರಡು ಬಾರಿಸು.

ಮೀನ ಮೇಷ ಎಣಿಸ್ಬೇಡ. ನಮ್ಮ ಹೋಟ್ಲಾಗೆ ಬರೀ ಮೀನ. ಮೇಷ ಬೇಕು ಅನ್ನೋರಿಗೆ ಎದುರಿಗೆ ಮಟನ್ ಹೋಟ್ಲೈತೆ.

ನಿನ್ನ ತಮ್ಮ
ಬೋರ


ಜಗಳೂರು
14-6-2024

ಬೋರಾ,

ಕಾಗದ ಸಿಕ್ತು. ಅಕ್ಷರ ಕೋಳಿ ಕೆದರಿದಂಗೆ ಐತೆ, ಮೊದಲಿನ ಹಾಗೇ.

ಸೌಟು ನೀನೇ ಇಟ್ಕೊ. ನನಗೆ ಅದರ ಮೇಲೆ ಯಾವತ್ತೂ ಸಿಟ್ಟಿಲ್ಲ. ನೀನು ನಂಬಲ್ಲ, ಬಿಡು.

ಬರಾಕೆ ಆಗಲ್ಲ. ಇಲ್ಲಿ ಕೆಲಸ ಐತೆ, ಸೊಂಟ ನೋವೈತೆ, ಬಸ್ ಕುಲುಕಾಟ ತಡಿಯಲ್ಲ. ಯಾವುದು ಬೇಕೋ ಅದನ್ನ ಆರಿಸ್ಕೊ. ಸುಧಾಗೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕಾಲು ಇಟ್ಕೊಳಾಕೆ ಹೇಳು.

ಎರಡು ಹಾಳೆ ತುಂಬ ಒಲೆ ಕಥೆ ಬರ್ದೆ. ಒಲೆ ಮೇಲೆ ಅವತ್ತು ಏನು ಕುದೀತಿತ್ತು ಅಂತ ಒಂದು ಮಾತಿಲ್ಲ. ಯಾವ ಮೀನು ಬಂದಿತ್ತು, ಹುಳಿ ಹಳೇದೋ ಹೊಸದೋ, ಈರುಳ್ಳಿ ಕೆಂಡದಾಗೆ ಸುಟ್ರಾ ಇಲ್ಲ ಎಣ್ಣೆಯಾಗೆ ಹುರಿದ್ರಾ. ಬಿಡಿಸಿ ಬರಿ.

ಕರಿಯಕ್ಕ


ಹೊನ್ನಾಳಿ
20-6-2024

ಫುಡ್ ಇನ್ಸ್‌ಪೆಕ್ಟರ್ ಕರಿಯಕ್ಕನವರ ಸಮ್ಮುಖಕ್ಕೆ,

ಸರ್ಕಾರದ ಇನ್ಸ್‌ಪೆಕ್ಟರ್ ಬಂದ್ರೆ ಒಂದು ಊಟ ಮಾಡಿ, ಎಲೆ ಅಡಿಕೆ ಹಾಕ್ಕೊಂಡು ಹೋಗ್ತಾನೆ. ನೀನು ಊಟಾನೂ ಮಾಡಲ್ಲ, ಬಿಡೋದೂ ಇಲ್ಲ. ಮೊದಲಿಂದ ಹಿಂಗೇ ನೀನು. ಹಿಂದೆ ಯಾರ ಕೈಯಾಗೆ ಹೇಳಿ ಕಳ್ಸಿದ್ರೂ ಕೊನೆಗೆ ಅದೇ ಪ್ರಶ್ನೆ, ಇವತ್ತು ಏನು ಸಾರು ಅಂತ. ನಾನು ಅವ್ವನ ರುಚಿ ಕೆಡಿಸ್ತೀನಿ ಅಂತ ಕಾಯ್ತಾ ಕುಂತೀಯ. ಸೌಟಿನ ಸಿಟ್ಟಿಲ್ಲ ಅಂತೆ. ಪಾಪ.

ಆಗ್ಲಿ, ಬರ್ಕೊ. ನಿನ್ನೆ ಬಾಳೆಮೀನು. ಹೊಸನೀರು ಬಂದೈತಲ್ಲ, ಮೈ ತುಂಬ್ಕೊಂಡಾವೆ. ಈರುಳ್ಳಿ ಕೆಂಡದಾಗೇ ಸುಟ್ಟಿದ್ದು. ಹುಳಿ ಹಳೇದು, ಕಪ್ಪಗೆ ಇರೋದು. ಮೀನು ಹಾಕಿದ ಮೇಲೆ ಯಾರೂ ಸೌಟು ಇಟ್ಟಿಲ್ಲ, ಬಟ್ಟೆಯಾಗೆ ಗಡಿಗೆ ಕಂಠ ಹಿಡಿದು ಅಲ್ಲಾಡಿಸಿದ್ದು. ಸಾರಿನ ಬಣ್ಣ ಒಂಚೂರು ಕಪ್ಪಗಿತ್ತು. ಆದ್ರೂ ಮಧ್ಯಾಹ್ನ ಎರಡಕ್ಕೆ ಗಡಿಗೆ ಖಾಲಿ. ಸಾರು ಇಲ್ಲ ಸಾರು ಇಲ್ಲ ಅಂತ ಬಾಗ್ಲಾಗೆ ನಿಂತು ಸಾರಿದೆ.

ಸಮುದ್ರದ ಮೀನೂ ಇತ್ತು, ಬಂಗಡೆ. ನೀನು ಹೋದ್ಮೇಲೆ ಬಂದಿದ್ದು ಅದು. ನ್ಯಾಮತಿ ಇಮಾಮ್‌ಸಾಬ್ ಕರಾವಳಿ ಕಡೆಯಿಂದ ಲಾರಿ ಹೊಡೀತಿದ್ನಲ್ಲ, ಒಂದಿನ ಬೆಳಗ್ಗೆ ಐಸ್ ಪೆಟ್ಟಿಗೆ ತಂದು ಇಳ್ಸಿದ. ಅವ್ವ ಒಂದನ್ನ ಬಾಲ ಹಿಡಿದು ಎತ್ತಿ ನೋಡಿ, ಇದೇನೋ ಇಮಾಮಾ, ಹೊಳೆ ನೋಡ್ದೆ ಇರೋ ಮೀನು ನನ್ನ ಗಡಿಗೇಲಿ ಈಜ್ತೈತಾ ಅಂದ್ಲು. ಒಂದು ವರ್ಷ ಯಾರೂ ಮುಟ್ಲಿಲ್ಲ. ನಾನೇ ಒಂದು ಆಟ ಹೂಡ್ದೆ. ಬಂಗಡೆ ಫ್ರೈ ತಟ್ಟೇಲಿಟ್ಟು ದಿನಾ ಒಬ್ಬರಿಗೆ, ಇದು ನಿಮಗಲ್ಲ, ದಾವಣಗೆರೆ ಸಾಹುಕಾರ್ರಿಗೆ ತೆಗ್ದಿಟ್ಟಿದ್ದು ಅಂತಿದ್ದೆ. ತಿಂಗಳು ಒಪ್ಪತ್ತಿನಾಗೆ ಊರೆಲ್ಲ ಸಾಹುಕಾರ್ರಾದ್ರು. ಇವತ್ತು ಬೋರ್ಡಿನ ಮೇಲೆ ಹೊಳೆಮೀನು ಕೆಳಗೈತೆ, ಸಮುದ್ರದ್ದು ಮೇಲೈತೆ.

ಗಡಿಯಾರದಾಗೂ ಮುಳ್ಳು, ಮೀನಾಗೂ ಮುಳ್ಳು. ಮೀನಿಂದು ತೆಗೆದು ಪಕ್ಕಕ್ಕೆ ಇಡಬಹುದು. ಇನ್ನೊಂದು ಓಡ್ತಾ ಐತೆ ಅಕ್ಕ. ಬಾ.

ಬೋರ


ಜಗಳೂರು
2-7-2024

ಬೋರಾ,

ಬಣ್ಣ ಕಪ್ಪಗಾಗಿದ್ದು ಹುಳಿಯಿಂದ ಅಲ್ಲ. ಮೆಂತ್ಯ ಹೊತ್ತೈತೆ. ಸುಧಾಗೆ ಹೇಳು, ಮೆಂತ್ಯ ಹುರಿಯೋವಾಗ ಕೆಂಪಾಗೋ ತನಕ ಕಾಯ್ಬಾರ್ದು. ವಾಸನೆ ತಿರುಗ್ತಿದ್ದಂಗೇ ಇಳಿಸ್ಬೇಕು. ಹೊತ್ತ ಮೆಂತ್ಯದ ಕಹಿ ಮೊದಲ್ನೇ ತುತ್ತಿಗೆ ಗೊತ್ತಾಗಲ್ಲ, ಮೂರನೇದಕ್ಕೆ ನಾಲಿಗೆ ಹಿಂದೆ ಬರ್ತೈತೆ.

ಬಂಗಡೆ ಬಗ್ಗೆ ಅರ್ಧ ಬರ್ದು ಬಿಟ್ಟೆ. ಅದರ ತುಂಡು ಬಾಳೆಮೀನಿನಂಗೆ ಪದರ ಪದರ ಬಿಡ್ತೈತಾ, ಇಲ್ಲ ಗೆಂಡೆಯಂಗೆ ಗಟ್ಟೀನಾ? ಸಮುದ್ರದ ಉಪ್ಪು ಮೀನಿನ ಒಳಗೂ ಇರ್ತೈತಾ? ಸುಮ್ನೆ ಕೇಳ್ದೆ.

ಇಲ್ಲಿ ಮೋಡ ಬಂದು ಮುಖ ತೋರಿಸಿ ಹೋಗ್ತಾವೆ. ನಿಮ್ಮಲ್ಲಿ ಹೊಳೆ ಎಷ್ಟು ಏರೈತೆ ಅಂತ ಬರಿ. ನೀನು ದಂಡೆ ಹತ್ರ ಹೋಗ್ಬೇಡ.

ಬಾ ಬಾ ಅಂತ ಕರೀಬೇಡ. ಬರಲ್ಲ ಅಂದ್ರೆ ಬರಲ್ಲ.

ಕರಿಯಕ್ಕ


ಹೊನ್ನಾಳಿ
9-7-2024

ಅಕ್ಕಾ,

ಮೆಂತ್ಯ ಹೊತ್ತಿದ್ದು ನಿಜ. ನಿನ್ನ ಕಾಗದ ಓದಿ ಹೇಳ್ದೆ, ಸುಧಾ ಸೌದೆ ಹಿಡ್ಕೊಂಡು ನಿಂತೋಳು ಹಂಗೇ ನಿಂತ್ಲು. ಜಗಳೂರಿಂದ ಹೊನ್ನಾಳಿ ಒಲೆ ಮೂಸಿ ನೋಡೋ ಮೂಗು ಅದೆಂಥದು ಅತ್ತೇದು ಅಂದ್ಲು. ಕಿವೀಲಿ ಹೋಗಿದ್ದೆಲ್ಲ ಮೂಗಿಗೆ ಬಂದೈತೆ ಅಂದೆ.

ನೀನು ಜಗಳೂರಾಗೆ ಎಷ್ಟು ಬೋರ್ ಕೊರೆಸಿದ್ರೂ ನೀರು ಕಾಣಲ್ಲ. ಇಲ್ಲಿ ಬೋರನ ಹಿತ್ಲಿಗೇ ನೀರು ಬರೋ ಹಂಗೈತೆ. ಆದ್ರೂ ಬರಲ್ಲ ಅಂತೀಯ. ನೀನು ಬರದಿದ್ರೆ ಹೊನ್ನಾಳೀನೇ ನಿನ್ನ ಹತ್ರ ಬರ್ತೈತೆ, ನೋಡ್ತಿರು.

ಈ ಕಾಗದದ ಜೊತೆ ದಾವಣಗೆರೆ ಬಸ್ಸಾಗೆ ಒಂದು ಡಬ್ಬಿ ಕಳ್ಸೀನಿ. ಅಲ್ಲಿಂದ ಜಗಳೂರು ಬಸ್ಸಿಗೆ ದಾಟ್ಸಾಕೆ ಕಂಡಕ್ಟರ್‌ಗೆ ಹೇಳೀನಿ. ನಿನ್ನ ಸೊಸೆ ಶಾಂತಲಾ ಸ್ಟ್ಯಾಂಡಿಗೆ ಬಂದು ತಗೊಳ್ಲಿ. ಸುಧಾ ಕುಟ್ಟಿದ ಚಟ್ನಿಪುಡಿ. ಬರೀ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಬಿಸಿ ಅನ್ನಕ್ಕೆ ಎಣ್ಣೆ ಹಾಕ್ಕೊಂಡು ಕಲಸಿ ತಿನ್ನು. ತಿಂದು, ಅದ್ರಾಗೆ ಏನೇನೈತೆ ಅಂತ ಒಂದೂ ಬಿಡದಂಗೆ ಬರಿ. ಬರೆದ್ರೆ ನೀನು ಅವ್ವನ ಮಗಳು ಅಂತ ಒಪ್ತೀನಿ.

ನಗ್ತಾ ಬರೀತಿರೋ
ಬೋರ


ಹೊನ್ನಾಳಿ
22-7-2024

ಅಕ್ಕಾ,

ಆ ಚಟ್ನಿಪುಡಿ ತಿನ್ಬೇಡ. ಇದನ್ನೇ ಮೊದ್ಲು ಓದು. ತಿನ್ಬೇಡ.

ಅದ್ರಾಗೆ ಒಣಸಿಗಡಿ ಐತೆ. ಹೊಳೇದು. ನಾನೇ ಹುರಿದು, ನಾನೇ ನುಣ್ಣಗೆ ಕುಟ್ಟಿ, ಶೇಂಗಾ ಜೊತೆ ಬೆರೆಸಿದ್ದು. ಸುಧಾಗೂ ಹೇಳಿಲ್ಲ. ನಮ್ಮ ಹೋಟ್ಲಿನ ಮೀನು ಬ್ಯಾಡ ಅನ್ನೋ ನೀನು ತಿಂದು, ಚೆನ್ನಾಗೈತೆ ಅಂತ ಬರೀತೀಯ, ಆಗ ನಾನು, ನೋಡಿದ್ಯಾ, ಇಷ್ಟು ವರ್ಷದ ಮುನಿಸು ಒಂದು ಚಮಚ ಪುಡಿಗೆ ಕರಗೋತು ಅಂತ ಬರ್ದು ನಗ್ಬೇಕು ಅಂತ ಮಾಡಿದ್ದೆ.

ನಿನ್ನೆ ನ್ಯಾಮತಿಗೆ ಹೋಗಿದ್ದೆ, ಒಲೆ ಕೆಡವೋ ಮುಂಚಿನ ಕೊನೇ ಭಾನುವಾರದ ಊಟಕ್ಕೆ ಇಮಾಮ್‌ಸಾಬನ ಹೆಂಡ್ತಿ ಮೆಹರಾಜ್ ಬೇಗಂನ ಕರೆಯಾಕೆ. ಅವನು ತೀರ್ಕೊಂಡ ಮೇಲೆ ಆಯಮ್ಮ ಮನೆ ಬಿಟ್ಟು ಹೊರಗೆ ಬರೋದು ಕಮ್ಮಿ. ಚಾ ಕೊಟ್ರು. ನಗಿಸಾನ ಅಂತ ಡಬ್ಬಿ ಕಥೆ ಹೇಳ್ದೆ. ಎಲ್ಲರೂ ನಗೋ ಜಾಗದಾಗೆ ಅವರು ನಗ್ಲಿಲ್ಲ. ಕೈಯಾಗಿನ ಸಾಸರ್ ಕೆಳಗಿಟ್ರು.

ದೊಡ್ಡ ಹೊಳೆ ಬಂದ ವರ್ಷ ನಾನು ಕೊಚ್ಕೊಂಡು ಹೋಗಿದ್ದು ನಿನಗೆ ಗೊತ್ತಲ್ಲ. ಆ ಕಥೇನ ನಾನು ಹೋಟ್ಲಾಗೆ ಸಾವಿರ ಸಲ ಹೇಳೀನಿ. ದಿನಾ ಮುಳುಗಿದಂಗೆ ಆಟ ಕಟ್ಟಿ ಇನ್ನೊಂದು ಕಡೆ ಎದ್ದು ಎಲ್ಲರನ್ನೂ ಬೇಸ್ತು ಬೀಳಿಸ್ತಿದ್ದೋನು, ಅವತ್ತು ನಿಜವಾಗ್ಲೂ ಮುಳುಗಿದೆ, ದಂಡೆ ಮೇಲಿದ್ದೋರು ಚಪ್ಪಾಳೆ ಹೊಡೆದ್ರು ಅಂತ. ಕೆಳಗಡೆ ಜಾಲಿ ಪೊದೆಯಾಗೆ ಸಿಕ್ಕೊಂಡಿದ್ದೋನ್ನ, ಆಗಿನ್ನೂ ಲಾರಿ ಹಿಡೀದೆ ಜನಾನ ಹೊಳೆ ದಾಟಿಸ್ತಿದ್ದ ಇಮಾಮ್‌ಸಾಬ್ ಹರಿಗೋಲು ಹಾಕಿ ಎಳ್ಕೊಂಡ ಅಂತ. ಜನ ಬಿದ್ದು ಬಿದ್ದು ನಗ್ತಾರೆ.

ದಂಡೆ ಮೇಲೆ ಏನು ನಡೀತು ಅಂತ ನನಗೆ ಹೆಂಗೆ ಗೊತ್ತಿರ್ತೈತೆ? ನಾನು ನೀರೊಳಗಿದ್ದೆ. ಬೇಗಂ ದಂಡೆ ಮೇಲಿದ್ರು.

ಅವರು ಹೇಳಿದ್ದು ಇದು. ಎಲ್ಲರೂ ನಗ್ತಿದ್ರಂತೆ. ನೀನು ಒಲೆ ಮುಂದೆ ಉಣ್ಣಾಕೆ ಕುಂತಿದ್ಯಂತೆ. ಅವ್ವ ದಿನಾ ನಿನಗೆ ಅಂತ ಎತ್ತಿಡ್ತಿದ್ದ ಹೊಟ್ಟೆ ತುಂಡು ಕೈಯಾಗಿತ್ತಂತೆ. ಎದ್ದು ಹಂಗೇ ನೀರಿಗೆ ಇಳಿದ್ಯಂತೆ, ಸೊಂಟದ ತನಕ. ಆ ತುಂಡನ್ನ ಹೊಳೆಗೆ ಬಿಟ್ಟು ಅಂದ್ಯಂತೆ, "ಇದನ್ನ ತಗೊ. ಇನ್ಮೇಲೆ ಈ ಬಾಯಿಗೆ ಮೀನು ಇಡಲ್ಲ. ಅವನ್ನ ಬಿಡು."

ನಾನು ನಂಬ್ಲಿಲ್ಲ. ಬೇಗಂಗೆ ಕೇಳ್ದೆ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂತ. ಅವರು, "ಅವಳು ಆಣೆ ಹಾಕ್ಸಿದ್ಲು ಭಾಯಿ. ಯಾರಿಗೋಸ್ಕರ ಬಿಟ್ಟೀವೋ ಅವರಿಗೆ ಗೊತ್ತಾದ್ರೆ ಅದು ಬಿಟ್ಟಂಗಲ್ಲ ಅಂದಿದ್ಲು. ಇವತ್ತು ಹೇಳ್ದೆ ಇದ್ರೆ ನೀವು ಅವಳ ಬಾಯಿಗೇ ಹಾಕಿ ಮುಗಿಸ್ತಿದ್ರಿ" ಅಂದ್ರು.

ಕಾಮಾಲೆ ಆಗೈತೆ, ಪಥ್ಯ ಅಂತ ಆ ವರ್ಷ ನೀನು ಮೀನು ಬಿಟ್ಟಿದ್ದು ನೆನಪಾತು. ಮುಂದಿನ ಬೇಸಿಗೇಲಿ ಜಗಳೂರಿಗೆ ಕೊಟ್ರು. ಮೀನು ಕಾಣದ ಊರು, ಯಾರೂ ಕೇಳ್ಲಿಲ್ಲ. ನಾನು ಸೌಟಿನ ಸಿಟ್ಟು ಅಂತ ಕಥೆ ಕಟ್ಕೊಂಡು ಕುಂತೆ.

ನ್ಯಾಮತಿ ಸ್ಟ್ಯಾಂಡಿಂದ್ಲೇ ಶಾಂತಲಾಗೆ ಫೋನ್ ಮಾಡ್ದೆ. ಡಬ್ಬಿ ಖಾಲಿ ಮಾವಾ, ನಾಲ್ಕೇ ದಿನಕ್ಕೆ, ಬಲೇ ರುಚಿ ಇತ್ತು ಅಂದ್ಲು. ಯಾರು ತಿಂದ್ರವ್ವ ಅಂದೆ. ಎಲ್ಲರೂ ಅಂದ್ಲು. ಮುಂದೆ ಕೇಳ್ದೆ ಫೋನ್ ಇಟ್ಟೆ. ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗ್ತೈತೆ. ಅದನ್ನ ಹೇಳೋನು ನಾನಲ್ಲ.

ಆದ್ರೂ ತಿನ್ಬೇಡ ಅಂತ ಬರೀತಿದೀನಿ. ಖಾಲಿ ಆಗಿರೋದನ್ನ ತಿನ್ಬೇಡ ಅಂತ.

ನೀನು ತಿಂದ್ಯಾ ಅಕ್ಕಾ? ಒಂದು ಸಾಲು ಬರಿ.

ಬೋರ


ಹೊನ್ನಾಳಿ
6-8-2024

ಅಕ್ಕಾ,

ಕಾಗದ ಬರ್ಲಿಲ್ಲ. ದಿನಾ ಪೋಸ್ಟಿನೋನು ಸೈಕಲ್ ಬ್ರೇಕ್ ಹಾಕ್ದೆ ಹೋಗ್ತಾನೆ. ಅವನಿಗೂ ನನ್ನ ಮುಖ ನೋಡಾಕೆ ನಾಚಿಕೆ ಆಗೈತೆ.

ನಾನೇ ಬಂದ್ಬಿಡಾನ ಅಂದ್ರೆ ಹೊಳೆ ಹಿತ್ಲಿಗೆ ಬಂದೈತೆ. ಒಲೆ ಸುತ್ತ ಮರಳಿನ ಚೀಲ ಒಟ್ಟಿ ಕಾಯ್ತಾ ಕುಂತೀನಿ. ಹೆಂಗೂ ಕೆಡವೋ ಒಲೇಗೆ ಇದೆಂಥ ಕಾವಲು ಅಪ್ಪಾ ಅಂತಾನೆ ಪರಶುರಾಮ. ಅವನೇ ಮತ್ತೆ ಚೀಲ ಹೊತ್ಕೊಂಡು ಬರ್ತಾನೆ. ನೀನು ತಿಂದಿದ್ರೆ ಹೊಳೆ ನನ್ನ ವಾಪಸ್ ಕೇಳಾಕೆ ಬಂದಿರ್ಬೇಕು ಅಂತ ಒಂದೊಂದ್ಸಲ ಅನ್ನಿಸ್ತೈತೆ. ಅದಕ್ಕೆ ಹೆದರಿಕೆ ಇಲ್ಲ. ನನಗೆ ಎಪ್ಪತ್ತು ದಾಟೈತೆ, ಒಯ್ದ್ರೂ ಅದಕ್ಕೇ ನಷ್ಟ. ಆದ್ರೆ ನೀನು ಇಷ್ಟು ವರ್ಷ ನಾಲಿಗೆ ಕಟ್ಕೊಂಡು ಕೂಡಿಟ್ಟಿದ್ದನ್ನ ನಾನು ಒಂದು ಡಬ್ಬಿಯಾಗೆ ಕಳ್ದೆ ಅನ್ನೋದು ತಡಿಯಾಕೆ ಆಗ್ತಿಲ್ಲ.

ಶ್ರಾವಣ ಹಿಡೀತು. ಬೆಂಚು ಖಾಲಿ. ಅದೂ ಒಳ್ಳೇದೇ ಆತು. ಯಾಕಂದ್ರೆ ನಾನೂ ಮೀನು ಬಿಟ್ಟೀನಿ. ಬೇಗಂ ಮನೆಯಿಂದ ಬಂದ ದಿನ ಸುಧಾ ತಟ್ಟೆ ಇಟ್ಲು. ತುಂಡು ಮುರಿದೆ. ಬಾಯಿ ಹತ್ರ ಬಂತು, ಒಳಗೆ ಹೋಗ್ಲಿಲ್ಲ. ಇಷ್ಟು ವರ್ಷ ನಾನು ತಿಂದ ಒಂದೊಂದು ತುಂಡೂ ನಿನ್ನ ತಟ್ಟೇದು ಅಂತ ಆತು. ಅನ್ನ ಮಜ್ಜಿಗೆ ಉಂಡು ಎದ್ದೆ.

ಒಂದು ಮಾತು ಕೇಳ್ತೀನಿ, ಬೈಬೇಡ. ನೀನು ಮಾತು ಕೊಟ್ಟಿದ್ದು ನಮ್ಮ ಹೊಳೆಗೆ. ಸಮುದ್ರದ ಮೀನು ನಮ್ಮ ಹೊಳೇದಲ್ಲ. ಸೂಳೆಕೆರೆ ಮೀನೂ ಅಲ್ಲ, ಅದು ಚನ್ನಗಿರಿ ಕಡೇದು, ಕಟ್ಟಿಸಿದ ಕೆರೆ. ಇವರ್ಯಾರಿಗೂ ನೀನು ಏನೂ ಹೇಳಿಲ್ಲ. ಕೊನೇ ಭಾನುವಾರ ಬಂದು ಒಂದು ಬಂಗಡೆ ತಿನ್ನು. ಪದರ ಬಿಡ್ತೈತಾ ಅಂತ ಕೇಳಿದ್ಯಲ್ಲ, ನೀನೇ ಬಿಡಿಸಿ ನೋಡು.

ಬೋರ


ಜಗಳೂರು
20-8-2024

ಬೋರಾ,

ನಾನು ತಿಂದಿಲ್ಲ.

ಬೇಗ ಬರೀಬೇಕಿತ್ತು. ಬರೆಯಾಕೆ ಕುಂತಾಗೆಲ್ಲ ಕಣ್ಣು ಮಂಜಾಗ್ತಿತ್ತು. ಮೆಹರಾಜಕ್ಕ ಆಣೆ ಮುರಿದಿದ್ದಕ್ಕೆ ಮೊದ್ಲು ಸಿಟ್ಟು ಬಂತು. ಆಮೇಲೆ ಇಳೀತು. ಅವರಿಗೂ ಭಾರ ಆಗಿರ್ಬೇಕು.

ಆ ಡಬ್ಬಿ ಮುಚ್ಚಳ ತೆಗೆದ್ಲು ಶಾಂತಲಾ. ನಾನು ನಡುಮನೇಲಿ ಬತ್ತಿ ಹೊಸೀತಾ ಕುಂತಿದ್ದೆ. ಒಣಸಿಗಡಿ ಹುರಿದ ವಾಸನೆ ಶೇಂಗಾದಾಗೆ ಮುಚ್ಚಿಡ್ತೀನಿ ಅಂದ್ಕೊಂಡ್ಯಲ್ಲ ದಡ್ಡಾ, ಆ ಒಲೆ ಮುಂದೆ ಹುಟ್ಟಿದೋಳಿಗೆ? ಅವ್ವ ಬಿಸಿಲಿಗೆ ಸಿಗಡಿ ಹರವಿ ನನ್ನನ್ನ ಕಾಗೆ ಕಾಯಾಕೆ ಕೂರಿಸ್ತಿದ್ಲು. ಕಾಗೆಗಿಂತ ಜಾಸ್ತಿ ನಾನೇ ತಿಂತಿದ್ದೆ. ಡಬ್ಬೀನ ತೊಡೆ ಮೇಲೆ ಇಟ್ಕೊಂಡು ಸುಮಾರು ಹೊತ್ತು ಕುಂತೆ. ಆಮೇಲೆ ಶಾಂತಲಾಗೆ ಕೊಟ್ಟು, ಅನ್ನ ಬಿಸಿ ಇರ್ಬೇಕು, ಎಣ್ಣೆ ಹಸೀದೇ ಇರ್ಬೇಕು, ಈರುಳ್ಳಿ ಹಚ್ಚಬಾರ್ದು, ಜಜ್ಜಬೇಕು ಅಂತ ಹೇಳ್ದೆ. ಅವರು ಉಣ್ತಾ ಇದ್ರು, ನಾನು ಹತ್ರ ಕುಂತು ನೋಡ್ದೆ. ಅವತ್ತು ನಿನ್ನನ್ನ ಬೈಲಿಲ್ಲ. ಚೆನ್ನಾಗೇ ಕುಟ್ಟಿದ್ದೆ.

ಇನ್ನು ನಿನ್ನ ಸಮುದ್ರ, ಕೆರೆ. ಅವತ್ತು ನಾನು ಹೊಳೆ ಜೊತೆ ಮಾತಾಡಿದ್ದು, ವಕೀಲರ ಜೊತೆ ಅಲ್ಲ. ಮೀನು ಅಂದಿದ್ದೆ, ಮೀನೇ.

ನೀನು ಬಿಟ್ಟಿದ್ದೀಯಂತೆ. ಅದಕ್ಕೇ ಬರೀತಿದೀನಿ ಈ ಕಾಗದ. ನಾಳೆಯಿಂದ್ಲೇ ತಿನ್ನು. ನಾನು ಬಿಟ್ಟಿದ್ದೇ ನೀನು ಇರ್ಲಿ ಅಂತ, ಒಲೆ ಮುಂದೆ ಕುಂತು ಮುಳ್ಳು ಉಗೀತಾ ಎಲ್ಲರನ್ನೂ ನಗಿಸ್ತಿರ್ಲಿ ಅಂತ. ನೀನು ಮಜ್ಜಿಗೆ ಕುಡ್ಕೊಂಡು ಮೂಲೇಲಿ ಕುಂತ್ರೆ ನಾನು ಏನನ್ನ ಉಳಿಸ್ಕೊಂಡಂಗಾತು? ಒಬ್ಬನಿಗೆ ಒಂದು ಟಿಕೆಟ್ ತಗೊಂಡಾಗೈತೆ. ನೀನು ಇನ್ನೊಂದು ತಗೋಬೇಡ.

ಯಾಕೆ ಬರಲ್ಲ ಅಂತ ನೀನು ಕೇಳ್ತಿದ್ದೆ. ಬಂದ್ರೆ ತಿಂದ್ಬಿಡ್ತೀನಿ ಕಣೋ. ಆ ಒಲೆ, ಆ ಗಡಿಗೆ, ಸುಟ್ಟ ಈರುಳ್ಳಿ ವಾಸನೆ. ಇಷ್ಟು ವರ್ಷ ನಾನು ಗೆದ್ದಿದ್ದು ದೂರ ಇದ್ದಿದ್ದಕ್ಕೆ. ಆಸೆ ಹೋಗೈತೆ ಅಂದ್ಕೋಬೇಡ. ಒಂದು ದಿನಾನೂ ಹೋಗಿಲ್ಲ.

ಇನ್ಸ್‌ಪೆಕ್ಟರ್ ಅಂತೀಯ ನನ್ನ. ಇವತ್ತು ಏನು ಸಾರು ಅಂತ ನಾನು ಯಾಕೆ ಕೇಳ್ತೀನಿ ಅಂತ ಈಗ್ಲಾದ್ರೂ ಗೊತ್ತಾತಾ? ನೀನು ಬರ್ದಿದ್ದನ್ನ ಅನ್ನದ ತಟ್ಟೆ ಪಕ್ಕ ಇಟ್ಕೊಂಡು ಓದ್ತೀನಿ. ಬಾಳೆಮೀನು ಅಂತ ಬರ್ದ ದಿನ ನನಗೆ ಎರಡು ತುತ್ತು ಜಾಸ್ತಿ ಸೇರ್ತೈತೆ. ಹೊಳೆಗೆ ನಾನು ಬಾಯಿಗೆ ಇಡಲ್ಲ ಅಂದಿದ್ದೆ. ಓದಲ್ಲ ಅಂದಿಲ್ಲ.

ಕೊನೇ ದಿನದ ಊಟ ನನಗೆ ಬಡಿಸು. ಕಾಗದದಾಗೆ. ಆಟ ಕಟ್ಟಬೇಡ, ಗಡಿಬಿಡಿ ಮಾಡ್ಬೇಡ.

ನಿನ್ನ ಅಕ್ಕ


ಹೊನ್ನಾಳಿ
16-9-2024

ಅಕ್ಕಾ,

ಕುಂತ್ಕೊ. ಪಕ್ಕದಾಗೆ ನೀರು ಇಟ್ಕೊ.

ನಿನ್ನೆ ಭಾನುವಾರ ಬೆಳಗ್ಗೆ ಹೊಳೆ ಇಳಿದಿತ್ತು. ಬಲೆ ತುಂಬ ಮೀನು ಬಿತ್ತು, ಅದ್ರಾಗೆ ಒಂದು ದೊಡ್ಡ ಬಾಳೆಮೀನು, ನನ್ನ ತೋಳುದ್ದ. ಕಿವಿರು ಎತ್ತಿ ನೋಡ್ದೆ, ದಾಸವಾಳದಂಗೆ ಕೆಂಪು. ಬೂದಿ ಹಚ್ಚಿ ಲೋಳೆ ತೆಗೆದು, ಕಲ್ಲಿಗೆ ತಿಕ್ಕಿ ತೊಳೆದಿದ್ದು ನಾನು. ಹೆಚ್ಚಿದ್ದೂ ನಾನೇ. ಹೊಟ್ಟೆ ತುಂಡನ್ನ ಎಲೆ ಮೇಲೆ ಬೇರೆ ತೆಗ್ದಿಟ್ಟೆ, ಅವ್ವ ಇಡ್ತಿದ್ದಲ್ಲಿ, ಒಲೆ ಎಡಗಡೆ.

ಈರುಳ್ಳಿ ಕೆಂಡದಾಗೆ ಹೂತು ಸುಟ್ಟಿದ್ದು. ಮೇಲಿನ ಸಿಪ್ಪೆ ಕರಕಲಾಗಿ, ಒಳಗೆ ಮೆತ್ತಗೆ ಸಿಹಿ ನೀರು ಬಿಟ್ಟಿತ್ತು. ಬೆಳ್ಳುಳ್ಳಿ ಜೊತೇಲೇ ಸುಟ್ಟೆ. ಮೆಂತ್ಯ ಸುಧಾ ಹುರಿದ್ಲು, ವಾಸನೆ ತಿರುಗಿದ್ದೇ ತಡ ಇಳಿಸಿದ್ಲು. ಅತ್ತೆ ನೋಡ್ತಿರ್ತಾರೆ ಅಂದ್ಲು. ಖಾರ ಒರಳಾಗೆ ರುಬ್ಬಿದ್ದು, ಮಿಕ್ಸಿ ಅಲ್ಲ. ಹುಳಿ ಹಳೇದು. ಮಸಾಲೆ ಕುದಿಯೋವಾಗ ಮೊದ್ಲು ಹಸಿ ವಾಸನೆ ಬಂತು, ಆಮೇಲೆ ಹುಳಿ ವಾಸನೆ, ಆಮೇಲೆ ಎರಡೂ ಹೋಗಿ ನಿನಗೆ ಗೊತ್ತಿರೋ ಆ ವಾಸನೆ ಬಂತು. ಅದಕ್ಕೆ ಹೆಸರಿಲ್ಲ. ಆಗ ತುಂಡು ಬಿಟ್ಟೆ. ಬಟ್ಟೆ ಹಿಡಿದು ಗಡಿಗೆ ಎರಡು ಸುತ್ತು ಅಲ್ಲಾಡಿಸ್ದೆ. ಹಳೇ ಒಲೆ, ಹಸಿ ಸೌದೆ, ಹೊಗೆ ಬಾಳ ಇತ್ತು. ಕಣ್ಣಾಗೆ ನೀರು ನಿಲ್ಲಲಿಲ್ಲ.

ಜನ ಬಾಳ ಬಂದಿದ್ರು. ಸವಳಂಗ, ಉಬ್ರಾಣಿ, ನಲ್ಲೂರು ಕಡೇರೆಲ್ಲ ಬಂದು ನಿಂತೇ ಉಂಡ್ರು. ಬೇಗಂ ಬಂದು ಬಾಗ್ಲ ಪಕ್ಕ ಕುಂತು ಉಂಡ್ರು. ಎಲ್ಲರೂ ಎದ್ದ ಮೇಲೆ ನಾನು ಒಲೆ ಮುಂದೆ, ನೀನು ಕೂರ್ತಿದ್ದ ಕಡೆ ಕುಂತೆ. ಬದುಕಿರೋರಿಗೆ ಎಡೆ ಇಡಾಕೆ ಆಗಲ್ಲ. ಅದಕ್ಕೆ ನಿನ್ನ ತುಂಡು ನನ್ನ ತಟ್ಟೆಗೆ ಹಾಕ್ಕೊಂಡೆ.

ಮುದ್ದೆ ಬಿಸಿ ಇತ್ತು, ಬೆರಳಿಗೆ ಅಂಟಲಿಲ್ಲ. ಸಾರು ಗಟ್ಟೀನೂ ಅಲ್ಲ, ತಿಳೀನೂ ಅಲ್ಲ, ಮುದ್ದೆ ಹಿಡಿಯೋವಷ್ಟು. ಮೊದಲ್ನೇ ತುತ್ತಿಗೆ ಹುಳಿ ಸಿಕ್ತು, ಆಮೇಲೆ ಖಾರ, ನುಂಗಿದ ಮೇಲೆ ಈರುಳ್ಳಿ ಸಿಹಿ. ಮೂರನೇ ತುತ್ತಿಗೆ ಕಾಯ್ದೆ. ಕಹಿ ಇಲ್ಲ. ಆಮೇಲೆ ಹೊಟ್ಟೆ ತುಂಡು. ಬೆರಳು ಇಟ್ರೆ ತಾನೇ ಬಿಟ್ಕೊಂತು. ದಪ್ಪ ಮುಳ್ಳು ಎಳೆದೆ, ಒಂದೇ ಸಲಕ್ಕೆ ಬಂತು. ತೊಗಲಿನ ಕೆಳಗೆ ಜಿಡ್ಡು ಬೆಣ್ಣೆಯಂಗೆ ಇತ್ತು. ಅಗಿಯೋ ಕೆಲಸಾನೇ ಇರ್ಲಿಲ್ಲ, ನಾಲಿಗೆ ಮೇಲೆ ಇಟ್ಟೆ, ಕರಗ್ತು. ಅವಸರ ಮಾಡ್ಲಿಲ್ಲ. ನೀನು ಅರ್ಧಕ್ಕೆ ಎದ್ದು ಹೋಗಿದ್ಯಲ್ಲ, ಆ ತುಂಡು. ಪೂರ್ತಿ ತಿಂದೆ. ತಟ್ಟೆ ಒರೆಸಿ ತಿಂದೆ.

ಇವತ್ತು ಒಲೆ ಕೆಡವಿದ್ರು. ಹೊಸ ಹೋಟ್ಲಿನ ಹಿಂದೆ ಸೌದೆ ಒಲೆ ಒಂದಿರ್ಲಿ ಅಂತ ಪರಶುರಾಮ ಎರಡು ಕಲ್ಲು ತಗೊಂಡ. ನಾನು ಹೇಳಿರ್ಲಿಲ್ಲ. ಮೂರನೇದನ್ನ ಗೋಣಿಯಾಗೆ ಕಟ್ಟಿ ಬಸ್ಸಿಗೆ ಹಾಕೀನಿ. ಏನಜ್ಜಾ ಇದು, ಇಷ್ಟು ಭಾರ, ಜಗಳೂರಾಗೆ ಕಲ್ಲಿಗೆ ಬರ ಬಂತಾ ಅಂದ ಕಂಡಕ್ಟರ್. ಹುಷಾರಾಗಿ ಇಳ್ಸು, ನಮ್ಮಕ್ಕನ ತವರುಮನೆ ಅದು ಅಂದೆ.

ಊಟ ಆತು. ಕೈ ತೊಳ್ಕೊ.

ಬೋರ


ಜಗಳೂರು
25-9-2024

ಬೋರಾ,

ತವರುಮನೆ ಬಂತು. ಶಾಂತಲಾ ಒಬ್ಬಳ ಕೈಲಿ ಎತ್ತಾಕೆ ಆಗ್ದೆ ಆಟೋ ಮಾಡ್ಕೊಂಡು ಬಂದ್ಲು. ಒಂದು ಕಡೆ ಇನ್ನೂ ಮಸಿ ಐತೆ. ತೊಳೀಬೇಡ ಅಂದೆ.

ಹಿತ್ಲಾಗೆ ಇಲ್ಲಿಂದು ಎರಡು ಕಲ್ಲು ಜೊತೆ ಹಾಕಿ ಒಲೆ ಹೂಡ್ದೆ. ಜಗಳೂರು ಕಲ್ಲಾದ್ರೂ ಜಗಳ ಆಡ್ಲಿಲ್ಲ, ಹೊಂದ್ಕೊಂಡ್ವು. ಮುದ್ದೆ ತಿರುವಿದೆ. ಬೇಳೆ ಸಾರು ಮಾಡಿದ್ದೆ. ಅದರ ಮುಂದೆ ಕುಂತು ನಿನ್ನ ಕಾಗದ ಬಿಚ್ಚಿದೆ. ನೀನು ತುತ್ತು ಮುರಿದಲ್ಲಿ ನಾನೂ ಮುರಿದೆ. ಹೊಟ್ಟೆ ತುಂಡು ಬಂದಲ್ಲಿ ಸುಮಾರು ಹೊತ್ತು ನಿಂತೆ, ಮುಂದಿನ ಸಾಲಿಗೆ ಹೋಗ್ಲಿಲ್ಲ. ಶಾಂತಲಾ ಬಂದು, ಅತ್ತೆ, ತುತ್ತು ಕೈಯಾಗೇ ಆರಿ ಹೋತು ಅಂತ ಸನ್ನೆ ಮಾಡಿದ್ಲು. ಆರ್ಲಿ ಬಿಡು, ಮುಳ್ಳಿರ್ತೈತೆ, ನಿಧಾನಕ್ಕೆ ತಿನ್ಬೇಕು ಅಂದೆ. ಅವಳು ಬೇಳೆ ಸಾರಾಗೆ ಎಲ್ಲಿಯ ಮುಳ್ಳು ಅಂತ ನನ್ನ ಮುಖ ನೋಡಿದ್ಲು.

ಹೊಸ ಹೋಟ್ಲಾಗೆ ಮೊದಲ್ನೇ ದಿನ ಏನು ಸಾರು, ಬಿಡಿಸಿ ಬರಿ. ಬಂಗಡೆ ಪದರ ಬಿಡ್ತೈತಾ ಇಲ್ವಾ ಅಂತ ನೀನು ಇನ್ನೂ ಹೇಳಿಲ್ಲ.

ಉಂಡೆ ಕಣೋ. ಹೊಟ್ಟೆ ತುಂಬ್ತು.

ಉಪ್ಪು ಮಾತ್ರ ಒಂಚೂರು ಮುಂದಾಗಿತ್ತು. ಗಡಿಗೆ ಮೇಲೆ ಬಗ್ಗಿ ಅಳ್ಬಾರ್ದು ಅಂತ ಅವ್ವ ಹೇಳ್ತಿದ್ಲು, ಮರ್ತ್ಯಾ?

ಕರಿಯಕ್ಕ